ದಾಳಿಂಬೆ ಕಡ್ಡಿ ಚಿಗುರಿತು, ಬೇರು ಬರಲಿಲ್ಲ: ಯಾಕೆ?

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯವನು. ಎರಡು ಎಕರೆ ಭಗ್ವಾ ತಳಿಯ ದಾಳಿಂಬೆ ಇದೆ. ಇನ್ನೊಂದು ಎಕರೆಗೆ ಸಸಿ ನಾನೇ ಮಾಡಿಕೊಳ್ಳೋಣ ಎಂದು ಚಾಟ್ನಿ (ರೆಂಬೆ ಸವರುವುದು) ಮಾಡಿದಾಗ ಬಿದ್ದ ಕಡ್ಡಿಗಳನ್ನು ಆರಿಸಿಕೊಂಡೆ. ಅಂಗಡಿಯಿಂದ ತಂದ ಬೇರು ಬರಿಸುವ ಪುಡಿಗೆ ಅದ್ದಿ, ಕೆಂಪು ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿದ ಚೀಲಗಳಲ್ಲಿ ಫೆಬ್ರವರಿ ಕೊನೆಗೆ ನೆಟ್ಟೆ. ಎರಡು ವಾರದಲ್ಲಿ ಎಲ್ಲವೂ ಚೆನ್ನಾಗಿ ಚಿಗುರಿದವು. ಏಪ್ರಿಲ್ ಹೊತ್ತಿಗೆ ಮುಕ್ಕಾಲು ಪಾಲು ಒಣಗಿ ಹೋದವು. ಕಿತ್ತು ನೋಡಿದರೆ ಬೇರೇ ಇಲ್ಲ, ಕೆಲವದರ ಬುಡ ಕಪ್ಪಾಗಿದೆ. ಪುಡಿ ನಕಲಿಯೇ? ಪ್ರಮಾಣ ಕಡಿಮೆಯಾಯಿತೇ? ಪುಡಿಯ ಬದಲು ಲೋಳೆಸರ, ಜೇನುತುಪ್ಪ ಹಚ್ಚಿದರೂ ಸಾಕು ಎನ್ನುತ್ತಾರಲ್ಲ? ಇದೇ ಪುಡಿ ಸೀಬೆ, ಮಾವು, ಸಪೋಟಕ್ಕೂ ಆಗುತ್ತದೆಯೇ?

ಉತ್ತರ: ನೀವು ಬರೆದಿದ್ದನ್ನು ನೋಡಿದರೆ ಪುಡಿ ನಕಲಿ ಇರುವ ಸಾಧ್ಯತೆ ಕಡಿಮೆ. ಅಸಲಿ ಪುಡಿ ಹಾಕಿದ್ದರೂ ಬಹುಪಾಲು ಹೀಗೇ ಆಗುತ್ತಿತ್ತು. ಕಡ್ಡಿ ಸತ್ತಿದ್ದು ಬೇರು ಬರುವಷ್ಟು ದಿನ ಬದುಕಿರಲು ಆಗದೆ. ಪುಡಿಯ ಕೆಲಸ ಬೇರು ಬೇಗ ಮತ್ತು ಜಾಸ್ತಿ ಬರುವಂತೆ ಮಾಡುವುದು. ಅಲ್ಲಿಯವರೆಗೆ ಕಡ್ಡಿಯನ್ನು ಬದುಕಿಸಿಡುವ ಕೆಲಸ ನಮ್ಮದು.

ಮೊದಲು ಚಿಗುರಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಮೋಸ ಹೋಗುವುದು ಇಲ್ಲೇ. ದಾಳಿಂಬೆಯ ಬಲಿತ ಕಡ್ಡಿಯೊಳಗೆ ಪಿಷ್ಟ, ಸಕ್ಕರೆ, ನೀರು ಎಲ್ಲ ಶೇಖರವಾಗಿರುತ್ತದೆ. ಸ್ವಲ್ಪ ಬಿಸಿಲು, ತೇವ ಸಿಕ್ಕರೆ ಮೊಗ್ಗು ಒಡೆದು ಎಲೆ ಬಿಡುತ್ತದೆ. ಅದಕ್ಕೆ ಬೇರು ಬೇಕಾಗಿಲ್ಲ. ಹೊಸ ಬೆಳೆ ಬರದೆ ಕಣಜದ ಕಾಳನ್ನೇ ಉಂಡು ದಿನ ತಳ್ಳುವ ಮನೆಯ ಹಾಗೆ ಅದು. ಎಲೆ ಬಿಚ್ಚಿದ ಮೇಲೆ ಖರ್ಚು ಇನ್ನೂ ಜಾಸ್ತಿ, ಎಲೆ ನೀರು ಬಿಡುತ್ತಲೇ ಇರುತ್ತದೆ. ಕೆಳಗಿನಿಂದ ಕುಡಿಯಲು ಬೇರು ಇಲ್ಲ. ಚಿಗುರು ಎರಡು ವಾರದಲ್ಲಿ ಬಂದರೆ, ಬೇರು ಬರಲು ನಾಲ್ಕರಿಂದ ಆರು ವಾರ ಬೇಕು. ನಡುವಿನ ಈ ಎರಡರಿಂದ ನಾಲ್ಕು ವಾರದಲ್ಲೇ ನಿಮ್ಮ ಕಡ್ಡಿಗಳು ಹೋಗಿವೆ. ಅದೂ ಮಾರ್ಚ್ ತಿಂಗಳಲ್ಲಿ, ನಮ್ಮ ಬಯಲುಸೀಮೆಯ ಬಿಸಿಲಲ್ಲಿ.

ಹಾಗಾದರೆ ಪುಡಿ ಮಾಡುವುದೇನು? ಗಿಡದ ತುದಿಯಲ್ಲಿ, ಎಳೆ ಎಲೆಗಳಲ್ಲಿ ಆಕ್ಸಿನ್ ಎಂಬ ಸಸ್ಯಚೋದಕ ತಯಾರಾಗಿ ಕಾಂಡದೊಳಗೆ ಕೆಳಮುಖವಾಗಿ ಇಳಿಯುತ್ತದೆ. ಕಡ್ಡಿ ಕತ್ತರಿಸಿದಾಗ ಅದು ಕತ್ತರಿಸಿದ ಬುಡದಲ್ಲಿ ಬಂದು ನಿಲ್ಲುತ್ತದೆ. ಅಲ್ಲಿ ತೊಗಟೆಯ ಒಳಗಿನ ಹಸಿರು ಪದರದ ಹತ್ತಿರ ಇರುವ ಕೋಶಗಳಿಗೆ ಬೇರಾಗಿ ಬೆಳೆಯುವ ಸೂಚನೆ ಸಿಗುತ್ತದೆ. ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೆ ಬೇರು ಬಾರದಿರುವುದೂ ಇದೇ ಕಾರಣಕ್ಕೆ. ಓಟ್ಸ್ ಮೊಳಕೆಯ ತುದಿಯಿಂದ ಈ ವಸ್ತುವನ್ನು ಬೇರ್ಪಡಿಸಿ ತೋರಿಸಿದ್ದು ಹಾಲೆಂಡಿನ ಫ್ರಿಟ್ಸ್ ವೆಂಟ್, 1928ರಲ್ಲಿ. ಅಮೆರಿಕದ ಝಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ 1935ರಲ್ಲಿ ಇಂಡೋಲ್ ಬ್ಯುಟಿರಿಕ್ ಆಮ್ಲ, ಅಂದರೆ ಐಬಿಎ, ಬೇರು ಬರಿಸುವುದನ್ನು ತೋರಿಸಿಕೊಟ್ಟರು. ಇವತ್ತು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಬೇರು ಪುಡಿಗಳಲ್ಲಿ ಇರುವುದು ಇದೇ ಐಬಿಎ, ಟಾಲ್ಕ್ ಪುಡಿಯಲ್ಲಿ ಬೆರೆಸಿದ್ದು. ಗಿಡದಲ್ಲಿ ಸಹಜವಾಗಿರುವ ಆಕ್ಸಿನ್, ಅಂದರೆ ಐಎಎ, ಬೆಳಕಿಗೆ ಬೇಗ ಹಾಳಾಗುತ್ತದೆ, ಐಬಿಎ ಹೆಚ್ಚು ದಿನ ತಡೆಯುತ್ತದೆ. ಅದಕ್ಕೇ ನರ್ಸರಿಯವರು ಇದನ್ನು ಹಿಡಿದುಕೊಂಡಿದ್ದಾರೆ.

ಹೂ ಉದುರದಿರಲಿ ಎಂದು ನೀವು ಸಿಂಪಡಿಸುವ ಎನ್‌ಎಎ ಕೂಡ ಆಕ್ಸಿನ್ ಜಾತಿಯದೇ. ಬೇರು ಬರಿಸುವ ಗುಣ ಅದಕ್ಕೂ ಇದೆ. ಆದರೆ ಅಳತೆ ಸ್ವಲ್ಪ ಮೀರಿದರೂ ಬುಡ ಸುಟ್ಟುಬಿಡುತ್ತದೆ, ದಾಳಿಂಬೆಗೆ ಐಬಿಎ ಸಾಕು. ಇನ್ನು ಜಿಬ್ಬೆರೆಲಿಕ್ ಆಮ್ಲ, ದ್ರಾಕ್ಷಿಯವರು ಬಳಸುವ ಜಿಎ, ಅದನ್ನು ಕಡ್ಡಿಯ ಹತ್ತಿರಕ್ಕೂ ತರಬೇಡಿ. ಅದು ಬೇರು ಬರುವುದನ್ನು ತಡೆಯುತ್ತದೆ. "ಬೆಳವಣಿಗೆ ಪ್ರಚೋದಕ" ಅಂತ ಬಾಟಲಿಯ ಮೇಲೆ ಬರೆದಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ. ಒಳಗೆ ಏನಿದೆ, ಶೇಕಡಾ ಎಷ್ಟಿದೆ ಎಂಬ ಸಾಲನ್ನು ಓದಿಯೇ ತನ್ನಿ.

ಪ್ರಮಾಣಕ್ಕೆ ಬರೋಣ. ದಾಳಿಂಬೆಯ ಬಲಿತ ಕಡ್ಡಿಗೆ 2000ದಿಂದ 2500 ಪಿಪಿಎಂ ಐಬಿಎ ದ್ರಾವಣದಲ್ಲಿ ಐದರಿಂದ ಹತ್ತು ಸೆಕೆಂಡ್ ಅದ್ದುವುದು ಒಳ್ಳೆಯ ಕ್ರಮ. 1000 ಪಿಪಿಎಂ ಅಂದರೆ ಲೀಟರಿಗೆ ಒಂದು ಗ್ರಾಂ, ಅಷ್ಟೇ ಲೆಕ್ಕ. ಪುಡಿಗಿಂತ ದ್ರಾವಣವೇ ನನಗೆ ಇಷ್ಟ. ಪುಡಿ ಒಂದು ಕಡ್ಡಿಗೆ ಜಾಸ್ತಿ ಅಂಟುತ್ತದೆ, ಇನ್ನೊಂದಕ್ಕೆ ಕಡಿಮೆ. ದ್ರಾವಣದಲ್ಲಿ ಎಲ್ಲದಕ್ಕೂ ಒಂದೇ ಅಳತೆ ಸಿಗುತ್ತದೆ.

ಐಬಿಎ ನೀರಿನಲ್ಲಿ ಕರಗುವುದಿಲ್ಲ. ಬಹಳ ಜನ ಸೋಲುವುದು ಇಲ್ಲಿ. ಬಕೆಟ್ ನೀರಿಗೆ ಸುರಿದು ಕದಡುತ್ತಾರೆ, ಔಷಧ ತಳದಲ್ಲಿ ಕೂತಿರುತ್ತದೆ, ಕಡ್ಡಿ ಬರೀ ನೀರಲ್ಲಿ ಅದ್ದಿದಂತಾಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಒಂದು ಗ್ರಾಂ ಐಬಿಎಯನ್ನು 250 ಮಿಲಿ ಆಲ್ಕೋಹಾಲಿನಲ್ಲಿ ಪೂರ್ತಿ ಕರಗಿಸಿ. ಆಮೇಲೆ 250 ಮಿಲಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಕದಡಿ. ಅರ್ಧ ಲೀಟರ್ 2000 ಪಿಪಿಎಂ ದ್ರಾವಣ ಸಿದ್ಧ. ಸೇರಿಸುವಾಗ ಹಾಲಿನ ಹಾಗೆ ಬೆಳ್ಳಗಾದರೆ ಔಷಧ ಮತ್ತೆ ಹೊರಗೆ ಬಂದಿದೆ ಎಂದರ್ಥ, ಸ್ವಲ್ಪ ಆಲ್ಕೋಹಾಲ್ ಸೇರಿಸಿದರೆ ತಿಳಿಯಾಗುತ್ತದೆ. ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ನೀರಿನ ಗಡಸುತನ ನಿಮಗೇ ಗೊತ್ತು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ತರುತ್ತೀರಲ್ಲ, ಆ ನೀರು ಸಾಕು. ಒಂದು ಗ್ರಾಂ ತೂಗಲು ಕಿರಾಣಿ ತಕ್ಕಡಿ ಕೆಲಸಕ್ಕೆ ಬಾರದು, ಅಕ್ಕಸಾಲಿಗರ ಹತ್ತಿರ ತೂಗಿಸಿ. ಆಲ್ಕೋಹಾಲ್ ಬೆಂಕಿ ಹತ್ತುವ ವಸ್ತು, ಒಲೆ, ಬೀಡಿ ಹತ್ತಿರ ಇರಬಾರದು. ಕೈಗೆ ಗ್ಲೌಸ್ ಹಾಕಿಕೊಳ್ಳಿ.

ಈ ಅರ್ಧ ಲೀಟರ್ ನಿಮ್ಮ ಒಂದು ಎಕರೆಯ ಸಸಿಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ನಾಲ್ಕಾರು ಜನ ಸೇರಿ ಮಾಡಿಕೊಂಡರೆ ಖರ್ಚೂ ಉಳಿಯುತ್ತದೆ. ಬೇಕಾದಷ್ಟನ್ನು ಸಣ್ಣ ಲೋಟಕ್ಕೆ ಬಗ್ಗಿಸಿಕೊಂಡು ಅದರಲ್ಲಿ ಅದ್ದಿ. ಮಿಕ್ಕಿದ್ದನ್ನು ವಾಪಸ್ ಬಾಟಲಿಗೆ ಸುರಿಯಬೇಡಿ, ಮಣ್ಣು, ರೋಗ ಎಲ್ಲ ಅದರೊಳಗೆ ಹೋಗುತ್ತದೆ. ಕಂದು ಬಣ್ಣದ ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಿ. ಮಕ್ಕಳ ಕೈಗೆ ಸಿಗದ ಹಾಗೆ, ಮೇಲೆ "ವಿಷ" ಎಂದು ದೊಡ್ಡದಾಗಿ ಬರೆದಿರಲಿ.

ಪುಡಿಯನ್ನೇ ಬಳಸುವುದಾದರೆ ಡಬ್ಬಿಯೊಳಗೆ ಕಡ್ಡಿ ತುರುಕಬೇಡಿ. ಚೂರು ಪುಡಿಯನ್ನು ಕಾಗದದ ಮೇಲೆ ಹಾಕಿಕೊಳ್ಳಿ. ಬುಡವನ್ನು ನೀರಿಗೆ ಮುಟ್ಟಿಸಿ, ಕೊಡವಿ, ಎರಡು ಸೆಂಟಿಮೀಟರ್ ಪುಡಿಗೆ ಒತ್ತಿ, ಬೆರಳಿಂದ ತಟ್ಟಿ ಹೆಚ್ಚಿನದನ್ನು ಉದುರಿಸಿ. ಚೀಲದಲ್ಲಿ ಮೊದಲು ಬೇರೆ ಕಡ್ಡಿಯಿಂದ ತೂತು ಮಾಡಿ, ಆಮೇಲೆ ಇದನ್ನು ಇಳಿಸಿ ಸುತ್ತ ಒತ್ತಿ. ನೇರವಾಗಿ ಚುಚ್ಚಿದರೆ ಪುಡಿಯೆಲ್ಲ ಮೇಲೆಯೇ ಒರೆಸಿಹೋಗುತ್ತದೆ.

ಜಾಸ್ತಿ ಹಾಕಿದರೆ ಜಾಸ್ತಿ ಬೇರು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆಕ್ಸಿನ್ ಅತಿಯಾದರೆ ಮೊಗ್ಗು ಒಡೆಯುವುದು ನಿಲ್ಲುತ್ತದೆ, ಬುಡ ಕಪ್ಪಾಗಿ ಕೊಳೆಯುತ್ತದೆ. ನಿಮ್ಮ ಕೆಲವು ಕಡ್ಡಿಗಳ ಬುಡ ಕಪ್ಪಾಗಿದ್ದಕ್ಕೆ ಎರಡು ಕಾರಣ ಇರಬಹುದು. ತೊಗಟೆ ಸುಟ್ಟಂತೆ ಒಣಗಿ ಕಪ್ಪಾಗಿದ್ದು, ಅದ್ದಿದ ಎತ್ತರಕ್ಕೇ ನಿಂತಿದ್ದರೆ ಔಷಧದ ಅತಿ. ಮೆತ್ತಗಾಗಿ ಕೊಳೆತ ವಾಸನೆ ಬಂದು, ಕಪ್ಪು ಮೇಲೇರಿದ್ದರೆ ನೀರು ನಿಂತ ಕೊಳೆ. ನಿಮ್ಮದು ಎಲ್ಲವೂ ಚಿಗುರಿದ್ದರಿಂದ ಎರಡನೆಯದೇ ಎಂದು ನನ್ನ ಅಂದಾಜು. ಕೆಂಪು ಮಣ್ಣು ಚೀಲದಲ್ಲಿ ನೀರು ಕುಡಿದು ಗಟ್ಟಿ ಕೂತುಬಿಡುತ್ತದೆ. ಹಸಿ ಗೊಬ್ಬರ ಬೇರೆ. ಬೇರು ಇಲ್ಲದ ಕಡ್ಡಿಗೆ ಗೊಬ್ಬರ ಯಾಕೆ ಹೇಳಿ? ಅದಕ್ಕೆ ಬೇಕಾದ್ದು ತೇವ ಮತ್ತು ಗಾಳಿ, ಎರಡೂ ಒಟ್ಟಿಗೆ.

ಚೀಲಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ದಪ್ಪ ಮರಳನ್ನು ಸಮ ಸಮ ಬೆರೆಸಿ. ಹೊಸದುರ್ಗ, ಹಿರಿಯೂರು ಕಡೆ ತೆಂಗು ಇರುವುದರಿಂದ ನಾರಿನ ಪುಡಿಗೆ ಬರವಿಲ್ಲ. ಆದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ ಬಳಸಬೇಕು. ಮರಳು ಸಿಗದಿದ್ದರೆ ದಾವಣಗೆರೆ, ಹರಿಹರ ಕಡೆಯ ಅಕ್ಕಿ ಗಿರಣಿಗಳ ಹೊಟ್ಟನ್ನು ಕರಿಯಾಗುವವರೆಗೆ ಸುಟ್ಟು, ಪೂರ್ತಿ ಬೂದಿಯಾಗುವ ಮುಂಚೆ ನೀರು ಹಾಕಿ ಆರಿಸಿ, ತೊಳೆದು ಬೆರೆಸಬಹುದು. ಬಿಳಿ ಬೂದಿ ಬೇಡ, ಅದು ಕ್ಷಾರ. ತುಂಬಿದ ಮೇಲೆ ಒಂದು ಹಿಡಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಇಳಿದರೆ ಹದ. ಧಾರೆಯಾಗಿ ಇಳಿದರೆ ನೀರು ಜಾಸ್ತಿ.

ಈಗ ಕಡ್ಡಿ. ಚಾಟ್ನಿ ಮಾಡಿ ಬಿದ್ದ ಕಡ್ಡಿಯನ್ನು ಆರಿಸಿದೆ ಎಂದಿದ್ದೀರಿ. ಬಿದ್ದು ಎಷ್ಟು ಹೊತ್ತಾಗಿತ್ತು? ಅರ್ಧ ದಿನ ಬಿಸಿಲಲ್ಲಿ ಬಿದ್ದ ಕಡ್ಡಿಗೆ ಯಾವ ಔಷಧ ಹಾಕಿಯೂ ಪ್ರಯೋಜನವಿಲ್ಲ. ಬೆಳಗಿನ ಜಾವವೇ ಕತ್ತರಿಸಿ, ಕತ್ತರಿಸಿದ ಕೂಡಲೇ ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಅವತ್ತೇ ನೆಡಬೇಕು. ಕೈಯಲ್ಲಿ ಹಿಡಿದು ನೋಡಿ: ಎಳೆಯ ದಾಳಿಂಬೆ ಕಡ್ಡಿ ನಾಲ್ಕು ಮೂಲೆಯಾಗಿರುತ್ತದೆ, ಬಲಿಯುತ್ತಾ ದುಂಡಗಾಗಿ ತೊಗಟೆ ಬೂದು ಬಣ್ಣಕ್ಕೆ ತಿರುಗುತ್ತದೆ. ನಮಗೆ ಬೇಕಾದ್ದು ದುಂಡಗಾದ, ಪೆನ್ಸಿಲ್ ದಪ್ಪದ, ಸುಮಾರು ಒಂದು ವರ್ಷದ ಕಡ್ಡಿ. ಉಗುರಿಂದ ಚೂರು ಕೆರೆದರೆ ಒಳಗೆ ಹಸಿ ಹಸಿರು ಕಾಣಬೇಕು. ಯೂರಿಯಾ ಜಾಸ್ತಿಯಾಗಿ ಸರ್ರನೆ ಎದ್ದ ನೀರು ಚಿಗುರುಗಳನ್ನು ಬಿಡಿ. ನೋಡಲು ದಷ್ಟಪುಷ್ಟವಾಗಿದ್ದರೂ ಅವುಗಳ ಒಳಗೆ ಶೇಖರಣೆ ಇರುವುದಿಲ್ಲ.

ಉದ್ದ 20ರಿಂದ 25 ಸೆಂಟಿಮೀಟರ್ ಇರಲಿ, ನಾಲ್ಕೈದು ಗೆಣ್ಣು ಸಿಗಬೇಕು. ಕೆಳಗಿನ ಕಡಿತ ಗೆಣ್ಣಿನ ಕೆಳಗೆ ನೇರವಾಗಿ, ಮೇಲಿನದು ಗೆಣ್ಣಿನ ಮೇಲೆ ಓರೆಯಾಗಿ. ಹೀಗೆ ಮಾಡಿದರೆ ಯಾವುದು ಬುಡ, ಯಾವುದು ತುದಿ ಎಂದು ಗೊಂದಲವಾಗುವುದಿಲ್ಲ. ಬುಡದ ಎರಡು ಬದಿಯಲ್ಲಿ ಎರಡು ಸೆಂಟಿಮೀಟರ್ ಉದ್ದಕ್ಕೆ ತೊಗಟೆಯನ್ನು ಮಾತ್ರ ಹಗುರಾಗಿ ಗೀರಿದರೆ ಔಷಧ ಒಳಗೆ ಹೋಗಲೂ ಬೇರು ಹೊರಗೆ ಬರಲೂ ಅನುಕೂಲ. ದ್ರಾವಣದಲ್ಲಿ ಅದ್ದಿದ ಮೇಲೆ ಒಂದೆರಡು ನಿಮಿಷ ಗಾಳಿಗೆ ಹಿಡಿದು ಆಲ್ಕೋಹಾಲ್ ಆರಿದ ನಂತರ ನೆಡಿ. ಮೇಲಿನ ಕಡಿತಕ್ಕೆ ಮೇಣದ ಹನಿ ಬಿಟ್ಟರೆ ನೀರು ಆರುವುದು ತಪ್ಪುತ್ತದೆ. ಮೂರರಲ್ಲಿ ಎರಡು ಪಾಲು ಒಳಗಿರಲಿ.

ಕಾಲದ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ನಮ್ಮ ಒಣ ವಲಯದಲ್ಲಿ ಶಿವರಾತ್ರಿ ದಾಟಿದ ಮೇಲೆ ಬಯಲಲ್ಲಿ ಕಡ್ಡಿ ನೆಡಬೇಡಿ. ಡಿಸೆಂಬರ್, ಜನವರಿಯಲ್ಲಿ ವಿಶ್ರಾಂತಿಯಲ್ಲಿರುವ ಗಿಡದಿಂದ ಕಡ್ಡಿ ತೆಗೆದರೆ ಬಿಸಿಲು ಏರುವ ಹೊತ್ತಿಗೆ ಬೇರು ಇಳಿದಿರುತ್ತದೆ. ಮಳೆಗಾಲದಲ್ಲೂ ಮಾಡಬಹುದು, ಆದರೆ ಆಷಾಢದ ಗಾಳಿಗೆ ಮರೆ ಇರಲೇಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಅದು, ಕಡ್ಡಿಯಲ್ಲಿನ ನೀರನ್ನು ಬಿಸಿಲಿಗಿಂತ ಬೇಗ ಒಣಗಿಸುತ್ತದೆ.

ಶೇಡ್ ನೆಟ್ ಅಥವಾ ತೆಂಗಿನ ಗರಿಯ ಚಪ್ಪರದ ಕೆಳಗೆ ಚೀಲ ಜೋಡಿಸಿ. ಅದರ ಮೇಲೆ ಬಿದಿರಿನ ಕಮಾನು ಬಗ್ಗಿಸಿ ಬಿಳಿ ಪಾಲಿಥೀನ್ ಹೊದಿಸಿ. ಒಳಗೆ ಬೆವರಿದಂತೆ ಹನಿ ಕಾಣುತ್ತಿದ್ದರೆ ತೇವ ಸರಿಯಾಗಿದೆ. ನೆರಳಿಲ್ಲದೆ ಬರೀ ಪಾಲಿಥೀನ್ ಹಾಕಿದರೆ ಮಧ್ಯಾಹ್ನ ಕಡ್ಡಿ ಬೆಂದುಹೋಗುತ್ತದೆ, ಅದಂತೂ ಬೇಡವೇ ಬೇಡ. ಬುಡಕ್ಕೆ ದಿನಾ ನೀರು ಸುರಿಯುವ ಬದಲು ಹ್ಯಾಂಡ್ ಸ್ಪ್ರೇಯರಿನಿಂದ ಎಲೆ ಮೇಲೆ ಮಂಜಿನಂತೆ ಹೊಡೆಯಿರಿ. ಎರಡು ಮೂರು ವಾರ ಕಳೆದ ಮೇಲೆ ಒಂದೆರಡು ಕಡ್ಡಿಯನ್ನು ಸುಮ್ನೆ ಕಿತ್ತು ನೋಡಬಹುದು. ಬುಡದ ಸುತ್ತ ಬೆಳ್ಳಗೆ ರವೆಯಂಥ ಗಂಟು ಕಂಡರೆ ಗಾಯ ಮಾಯುತ್ತಿದೆ ಎಂದರ್ಥ. ಅದು ಬೇರಲ್ಲ, ಇನ್ನೂ ಕಾಯಬೇಕು. ಬೇರು ಬಂದ ಕಡ್ಡಿಯನ್ನು ಮೆಲ್ಲಗೆ ಎಳೆದರೆ ಹಿಡಿದುಕೊಳ್ಳುತ್ತದೆ, ಸಡಿಲವಾಗಿ ಬರುವುದಿಲ್ಲ. ಆಮೇಲೆ ಹೊದಿಕೆಯನ್ನು ದಿನ ದಿನ ಸ್ವಲ್ಪ ಸ್ವಲ್ಪ ತೆರೆದು ಗಾಳಿಗೆ ಒಗ್ಗಿಸಿ. ಒಂದೇ ದಿನ ಪೂರ್ತಿ ತೆಗೆದರೆ ಬೇರು ಬಂದ ಸಸಿಯೂ ಬಾಡುತ್ತದೆ.

ಪುಡಿ ಅಸಲಿಯೇ ಎಂಬ ನಿಮ್ಮ ಅನುಮಾನಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಒಂದೇ ಗಿಡದ ಕಡ್ಡಿಗಳನ್ನು ಎರಡು ಪಾಲು ಮಾಡಿ. ಒಂದು ಸಾಲಿಗೆ ಪುಡಿ ಹಾಕಿ, ಇನ್ನೊಂದಕ್ಕೆ ಬೇಡ. ಉಳಿದೆಲ್ಲ ಒಂದೇ ಇರಲಿ. ಎರಡು ತಿಂಗಳ ಮೇಲೆ ಎರಡೂ ಸಾಲನ್ನು ತೊಳೆದು ಪಕ್ಕಪಕ್ಕ ಇಟ್ಟು ಬೇರು ನೋಡಿ. ದಾಳಿಂಬೆಗೆ ಏನೂ ಹಾಕದಿದ್ದರೂ ಅಷ್ಟಿಷ್ಟು ಬೇರು ಬರುತ್ತದೆ. ಎರಡೂ ಸಾಲು ಒಂದೇ ಥರ ಇದ್ದರೆ ಪುಡಿ ಸತ್ವ ಕಳೆದುಕೊಂಡಿದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ಕೂತಿದ್ದ ಹಳೆಯ ಡಬ್ಬಿಯಾದರೆ ಹಾಗಾಗುವುದುಂಟು. ಲೋಳೆಸರವನ್ನೂ ಮೂರನೇ ಸಾಲಿನಲ್ಲಿ ಬೇಕಾದರೆ ಇಟ್ಟು ನೋಡಿ. ಅದರಿಂದ ಕೇಡಿಲ್ಲ, ಆದರೆ ಐಬಿಎ ಜಾಗ ಅದು ತುಂಬುವುದಿಲ್ಲ. ಜೇನುತುಪ್ಪ ಗಾಯಕ್ಕೆ ಸೋಂಕು ತಗಲದಂತೆ ಸ್ವಲ್ಪ ತಡೆಯಬಹುದು, ಬೇರು ಬರಿಸುವ ಚೋದಕ ಅದರಲ್ಲಿಲ್ಲ. ಎಳನೀರಿನಲ್ಲಿ ಚೋದಕ ಇದೆ ನಿಜ, ಆದರೆ ಅದು ಮುಖ್ಯವಾಗಿ ಸೈಟೊಕೈನಿನ್, ಚಿಗುರಿಗೆ ಸಹಾಯ ಮಾಡುವಂಥದ್ದು. ನಿಮಗೆ ಚಿಗುರಿನ ಕೊರತೆ ಇರಲಿಲ್ಲ, ಅಲ್ವಾ?

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೆ ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕಡ್ಡಿಯ ಜೊತೆ ತಾಯಿಗಿಡದ ರೋಗವೂ ಬರುತ್ತದೆ. ಹಿರಿಯೂರು, ಚಳ್ಳಕೆರೆ, ಹೊಸದುರ್ಗದ ಎಷ್ಟೋ ತೋಟಗಳು ದುಂಡಾಣು ಅಂಗಮಾರಿಗೆ, ಸೊರಗು ರೋಗಕ್ಕೆ ಬಲಿಯಾಗಿದ್ದನ್ನು ನೀವೂ ನೋಡಿದ್ದೀರಿ. ಎಲೆ, ಕಾಯಿಯ ಮೇಲೆ ಎಣ್ಣೆ ಚುಕ್ಕೆ ಕಂಡ, ಗೆಣ್ಣಿನ ಹತ್ತಿರ ಕಪ್ಪು ಸೀಳು ಬಿಟ್ಟ ಗಿಡದಿಂದ ಒಂದು ಕಡ್ಡಿಯನ್ನೂ ತೆಗೆಯಬೇಡಿ. ಸಾಧ್ಯವಾದರೆ ರೋಗ ಕಂಡ ತೋಟವನ್ನೇ ಬಿಡಿ. ದಾಳಿಂಬೆ ತೋಟದ ಮಣ್ಣನ್ನು ಚೀಲಕ್ಕೆ ತುಂಬಬೇಡಿ. ಬೇರುಗಂಟು ಮಾಡುವ ಜಂತುಹುಳು, ಸೊರಗು ರೋಗದ ಶಿಲೀಂಧ್ರ ಎರಡೂ ಮಣ್ಣಿನ ಜೊತೆ ಹೊಸ ಹೊಲಕ್ಕೆ ನಡೆದುಬಿಡುತ್ತವೆ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ. ಅನುಮಾನ ಬಂದರೆ ಬೇರು, ಮಣ್ಣು, ಎಲೆ ಸಮೇತ ಬಬ್ಬೂರು ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ, ನಿಮಗೆ ಹತ್ತಿರವೇ. ದಾವಣಗೆರೆ ಕಡೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ. ಒಂದು ಸಸಿಗೆ ಉಳಿಸಿದ ದುಡ್ಡು ರೋಗ ಬಂದ ತೋಟಕ್ಕೆ ಸಾಲುವುದಿಲ್ಲ.

ಕಡಿಮೆ ಸಂಖ್ಯೆಯ ಸಸಿ ಸಾಕು ಎನ್ನುವವರಿಗೆ ನಾನು ಗೂಟಿಯನ್ನೇ ಹೇಳುತ್ತೇನೆ. ಪೆನ್ಸಿಲ್ ದಪ್ಪದ ರೆಂಬೆಯಲ್ಲಿ ಎರಡೂವರೆ ಸೆಂಟಿಮೀಟರ್ ಅಗಲಕ್ಕೆ ಉಂಗುರದಂತೆ ತೊಗಟೆ ತೆಗೆದು, ಮೇಲಿನ ಅಂಚಿಗೆ ಐಬಿಎ ಸವರಿ, ಒದ್ದೆ ಪಾಚಿ ಇಟ್ಟು ಪಾಲಿಥೀನ್ ಬಿಗಿದು ಕಟ್ಟುವುದು. ಬೇರು ಬರುವವರೆಗೂ ರೆಂಬೆ ತಾಯಿಗಿಡದಿಂದ ನೀರು ಕುಡಿಯುತ್ತಿರುತ್ತದೆ, ಒಣಗುವ ಭಯವಿಲ್ಲ. ಮಳೆಗಾಲದಲ್ಲಿ ಮಾಡಿದರೆ ಒಂದೂವರೆ ಎರಡು ತಿಂಗಳಲ್ಲಿ ಪಾಲಿಥೀನ್ ಒಳಗೆ ಬಿಳಿ ಬೇರು ಕಣ್ಣಿಗೆ ಕಾಣುತ್ತದೆ. ಕೂಲಿ ಜಾಸ್ತಿ, ಗೂಟಿ ಸಸಿ ದುಬಾರಿಯಾಗಿರುವುದು ಅದಕ್ಕೇ.

ಉಳಿದ ಹಣ್ಣಿನ ಗಿಡಗಳಿಗೆ ಇದೇ ಪುಡಿ ಆಗುತ್ತದೆಯೇ ಎಂದು ಕೇಳಿದಿರಿ. ಅಂಜೂರದ ಬಲಿತ ಕಡ್ಡಿ ಪುಡಿ ಇಲ್ಲದೆಯೂ ಬೇರು ಬಿಡುತ್ತದೆ, ಹಿಪ್ಪುನೇರಳೆಯೂ ಹಾಗೇ. ನಿಂಬೆಯನ್ನು ಬೀಜದಿಂದ ಮಾಡಿದರೂ ಹೆಚ್ಚಿನ ಸಸಿಗಳು ತಾಯಿಯಂತೇ ಬರುತ್ತವೆ, ಕಡ್ಡಿಗೆ ಕಷ್ಟಪಡುವುದೇ ಬೇಡ. ಸೀಬೆಯ ಬಲಿತ ಕಡ್ಡಿ ಬಹಳ ಹಟಮಾರಿ. ಮಂಜಿನ ವ್ಯವಸ್ಥೆ ಇರುವ ನರ್ಸರಿಯಲ್ಲಿ ಎಳೆ ಕಡ್ಡಿಯಿಂದ ಸಾಧ್ಯ, ಮನೆಯಲ್ಲಿ ಆದರೆ ಗೂಟಿ ಮಾಡಿ. ಅದಕ್ಕೆ ದಾಳಿಂಬೆಗಿಂತ ಗಟ್ಟಿ ಪ್ರಮಾಣ, 3000 ಪಿಪಿಎಂ ಮೇಲೆಯೇ ಬೇಕು. ಮಾವು, ಸಪೋಟದ ಕಡ್ಡಿಗೆ ಎಷ್ಟು ಐಬಿಎ ಹಾಕಿದರೂ ಮನೆಮಟ್ಟದಲ್ಲಿ ಬೇರು ಬರಿಸುವುದು ಆಗದ ಮಾತು, ದುಡ್ಡು ಕಳೆದುಕೊಳ್ಳಬೇಡಿ. ಮಾವಿಗೆ ಓಟೆ ಕಸಿ ಅಥವಾ ಮೃದು ಕಾಂಡ ಕಸಿ ಇದೆ. ಸಪೋಟವನ್ನು ಅದರದೇ ಕುಟುಂಬದ ಖಿರ್ನಿ ಎಂಬ ಮರದ ಸಸಿಯ ಮೇಲೆ ಕಸಿ ಮಾಡುತ್ತಾರೆ. ಖಿರ್ನಿ ನಿಧಾನಕ್ಕೆ ಬೆಳೆಯುವ ಗಿಡ, ಬೀಜ ಹಾಕಿ ಕಸಿಯ ದಪ್ಪಕ್ಕೆ ಬರುವವರೆಗೆ ಕಾಯಬೇಕಾಗುತ್ತದೆ. ಹಾಗಾಗಿ ಸಪೋಟ ಹತ್ತಿಪ್ಪತ್ತು ಗಿಡ ಬೇಕೆಂದರೆ ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ಮೊದಲೇ ಹೇಳಿಟ್ಟು ಕಸಿ ಸಸಿಯನ್ನೇ ತನ್ನಿ.